ಯೆಹೂದ್ಯರ ಸುಗ್ಗಿ ಹಬ್ಬಗಳಲ್ಲಿ ಕ್ರಿಸ್ತನ ಗುರುತುಗಳು: ಬೈಬಲಿನಲ್ಲಿ ಇರುವುದೆಷ್ಟು, ನಾವು ಸೇರಿಸಿದ್ದೆಷ್ಟು?

ಭಾನುವಾರದ ಟೀಚರ್:
ನಮ್ಮ ಸಭೆಯ ಭಾನುವಾರದ ಶಾಲೆಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಪಾಠ ಮಾಡುತ್ತೇನೆ. ಈಗ ನಡೆಯುತ್ತಿರುವುದು ಬೈಬಲಿನ ಯಾಜಕಕಾಂಡದ 23ನೆಯ ಅಧ್ಯಾಯ, ಯೆಹೂದ್ಯರ ಹಬ್ಬಗಳ ವಿಧಿಗಳಿರುವ ಭಾಗ. ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು ಆ ಹಬ್ಬಗಳನ್ನು ಕ್ರಿಸ್ತನಿಗೆ ಹೊಂದಿಸುವ ಒಂದು ಪಟ್ಟಿ ಕೊಟ್ಟು ಹೋಗಿದ್ದಾರೆ. ಪಸ್ಕ (ಐಗುಪ್ತದಿಂದ ಬಿಡುಗಡೆಯಾದ ನೆನಪಿನ ಹಬ್ಬ) ಎಂದರೆ ಶಿಲುಬೆ, ಹುಳಿಯಿಲ್ಲದ ರೊಟ್ಟಿ ಎಂದರೆ ಸಮಾಧಿ, ಪ್ರಥಮಫಲದ ಸಿವುಡು ಎಂದರೆ ಪುನರುತ್ಥಾನ, ಪಂಚಾಶತ್ತಮ ದಿನ ಎಂದರೆ ಪವಿತ್ರಾತ್ಮ. ಉಳಿದ ಮೂರು, ಅಂದರೆ ತುತೂರಿ, ದೋಷಪರಿಹಾರಕ ದಿನ ಮತ್ತು ಪರ್ಣಶಾಲೆಗಳ ಹಬ್ಬ, ಕ್ರಿಸ್ತನ ಎರಡನೆಯ ಬರುವಿಕೆಗೆ ಮೀಸಲು. ಪಟ್ಟಿ ಅಚ್ಚುಕಟ್ಟಾಗಿದೆ. ಆದರೆ ಒಬ್ಬ ಹುಡುಗಿ ಎದ್ದು ನಿಂತು, "ಹಾಗಾದರೆ ಯೆಹೂದ್ಯರು ಏನೆಂದುಕೊಂಡು ಈ ಹಬ್ಬ ಮಾಡುತ್ತಾರೆ?" ಎಂದು ಕೇಳಿದಳು. "ಅವರ ಕಣ್ಣಿಗೆ ಮುಸುಕು ಬಿದ್ದಿದೆ" ಎಂದು ಬೋಧಕರು ಉತ್ತರಿಸಿದರು. ಆ ಉತ್ತರ ನನಗೆ ಹಿಡಿಸಲಿಲ್ಲ, ಮಕ್ಕಳಿಗೆ ಅದನ್ನೇ ಹೇಳಲು ಮನಸ್ಸಿಲ್ಲ. ಈ ಪಟ್ಟಿಯಲ್ಲಿ ಯಾವುದು ಹೊಸ ಒಡಂಬಡಿಕೆಯಲ್ಲಿಯೇ ಇದೆ, ಯಾವುದು ಆಮೇಲೆ ಬಂದಿದ್ದು? ತಿಳಿದವರು ಹೇಳಿ.

ಜೀವಜಲ:
ಪಟ್ಟಿಯಲ್ಲಿ ತಪ್ಪೇನಿದೆ? "ನಮ್ಮ ಪಸ್ಕದ ಕುರಿ ಕ್ರಿಸ್ತನು" ಎಂದವನು ಪೌಲ, 1 ಕೊರಿಂಥ 5:7. ಅದೇ ಪತ್ರದ 15:20ರಲ್ಲಿ ಕ್ರಿಸ್ತನನ್ನು ಸತ್ತವರೊಳಗಿಂದ ಎದ್ದುಬಂದ ಪ್ರಥಮಫಲ ಎನ್ನುತ್ತಾನೆ. ಕೊಲೊಸ್ಸೆ 2:16-17ರಲ್ಲಿ ಹಬ್ಬಗಳು ನೆರಳು, ನಿಜರೂಪ ಕ್ರಿಸ್ತನದು ಎಂದು ಸ್ಪಷ್ಟವಾಗಿಯೇ ಇದೆ. ಇದಕ್ಕಿಂತ ಹೆಚ್ಚಿನ ಆಧಾರ ಏನು ಬೇಕು?

ಹಳೆಯ ಕಡತ:
ಪೌಲನು ಹೇಳಿದ್ದು ಒಂದು, ಆ ಪಟ್ಟಿ ಹೇಳುತ್ತಿರುವುದು ಮತ್ತೊಂದು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ.

ಹೊಸ ಒಡಂಬಡಿಕೆಯಲ್ಲಿ ಗಟ್ಟಿಯಾಗಿ ನಿಲ್ಲುವ ಸಂಬಂಧಗಳು ಹೀಗಿವೆ. ಪಸ್ಕದ ಕುರಿ. ಪ್ರಥಮಫಲ. ಅಪೊಸ್ತಲರ ಕೃತ್ಯಗಳು 2ರಲ್ಲಿ ಪಂಚಾಶತ್ತಮ ದಿನ. ಅಂದು ಪಾರ್ಥ್ಯರು, ಮೇದ್ಯರು, ಏಲಾಮ್ಯರು ಎಂದು ಊರೂರಿನ ಯೆಹೂದ್ಯರು ಯೆರೂಸಲೇಮಿನಲ್ಲಿ ಸೇರಿದ್ದು ಹಬ್ಬದ ಕಾರಣಕ್ಕೆ. ಹಬ್ಬವಿರದಿದ್ದರೆ ಆ ಜನಸಂದಣಿಯೇ ಇರುತ್ತಿರಲಿಲ್ಲ. ಇನ್ನೊಂದು ಯೋಹಾನ 7, ಪರ್ಣಶಾಲೆಗಳ ಹಬ್ಬದ ಕಡೆಯ ದಿನ ಯೇಸು ನಿಂತು "ಬಾಯಾರಿದವನು ನನ್ನ ಬಳಿಗೆ ಬಂದು ಕುಡಿಯಲಿ" ಎನ್ನುವ ಪ್ರಸಂಗ.

ಹಿಂಗಾರಿನ ಹೊತ್ತಿನ ಮೂರು ಹಬ್ಬಗಳನ್ನು ಸಾಲಾಗಿ ಎರಡನೆಯ ಬರುವಿಕೆಗೆ ಹಂಚಿಕೊಡುವ ಪಟ್ಟಿ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಅದು ಇತ್ತೀಚಿನ ಬೋಧಕರ ಜೋಡಣೆ. ಇಬ್ರಿಯರಿಗೆ ಬರೆದ ಪತ್ರದ 9ನೆಯ ಅಧ್ಯಾಯವಂತೂ ದೋಷಪರಿಹಾರಕ ದಿನದ ಮಹಾಯಾಜಕನ ಸೇವೆಯನ್ನು ಕ್ರಿಸ್ತನು ಆಗಲೇ ಮಾಡಿ ಮುಗಿಸಿದ ಕೆಲಸಕ್ಕೆ ಹೋಲಿಸುತ್ತದೆ. ಪಟ್ಟಿ ಅದನ್ನು ಮುಂದಿನ ಕಾಲಕ್ಕೆ ತಳ್ಳುತ್ತದೆ. ಪತ್ರವನ್ನು ನಂಬಬೇಕೋ, ಪಟ್ಟಿಯನ್ನೋ?

ಭಾನುವಾರದ ಟೀಚರ್:
ಇಬ್ರಿಯ 9ರ ಮಾತು ನನಗೆ ತುಂಬ ಉಪಯೋಗವಾಯಿತು. ಪಸ್ಕದ ಊಟದಲ್ಲಿಡುವ ಮೂರು ಹುಳಿಯಿಲ್ಲದ ರೊಟ್ಟಿಗಳೆಂದರೆ ತ್ರಿತ್ವ, ಮಧ್ಯದ ರೊಟ್ಟಿಯನ್ನು ಮುರಿದು ಬಟ್ಟೆಯಲ್ಲಿ ಸುತ್ತಿ ಬಚ್ಚಿಡುವುದೆಂದರೆ ಮಗನ ಮರಣ ಮತ್ತು ಸಮಾಧಿ, ರೊಟ್ಟಿಯ ಮೇಲಿನ ಗೆರೆಗಳೆಂದರೆ ಚಾಟಿಯೇಟು ಎಂದೂ ಆ ಬೋಧಕರು ಹೇಳಿದ್ದರು. ಅದು ಹೇಗೆ?

ಹಳೆಯ ಕಡತ:
ಅದೇ ಎಲ್ಲಕ್ಕಿಂತ ದುರ್ಬಲ ಕೊಂಡಿ. ಇಂದು ಯೆಹೂದ್ಯರ ಮನೆಗಳಲ್ಲಿ ನಡೆಯುವ ಪಸ್ಕದ ರಾತ್ರಿಯ ಊಟದ ಕ್ರಮ ರೂಪುಗೊಂಡಿದ್ದು ಕ್ರಿ.ಶ. 70ರಲ್ಲಿ ದೇವಾಲಯ ನಾಶವಾದ ಮೇಲೆ. ಕುರಿಯನ್ನು ಬಲಿ ಕೊಡುವ ಸ್ಥಳವೇ ಇಲ್ಲವಾದಾಗ ಮನೆಯ ಮೇಜಿಗೆ ಆ ಭಾರವೆಲ್ಲ ಬಂತು. ಕ್ರಿ.ಶ. 200ರ ಸುಮಾರಿಗೆ ಒಟ್ಟಾದ ಮಿಶ್ನಾದಲ್ಲಿ, ಅಂದರೆ ಯೆಹೂದ್ಯ ಗುರುಗಳ ಕಟ್ಟಳೆಗಳ ಸಂಗ್ರಹದಲ್ಲಿ, ಪಸ್ಕದ ಊಟಕ್ಕೆ ಒಂದು ಇಡೀ ಅಧ್ಯಾಯವಿದೆ: ನಾಲ್ಕು ಬಟ್ಟಲು ದ್ರಾಕ್ಷಾರಸ ಇದೆ, ಮಗ ತಂದೆಯನ್ನು ಕೇಳುವ ಪ್ರಶ್ನೆಗಳಿವೆ. ಮೂರು ರೊಟ್ಟಿಗಳ ವಿಧಿ ಮಾತ್ರ ಇಲ್ಲ. ಮಕ್ಕಳಿಗಾಗಿ ತುಂಡು ಬಚ್ಚಿಡುವ ಪದ್ಧತಿಯೂ ಬಹಳ ತಡವಾಗಿ ಬಂದಿದ್ದು. ಯೇಸುವಿನ ಕೊನೆಯ ಊಟದ ಮೇಜಿನ ಮೇಲೆ ಅವನ್ನೆಲ್ಲ ಇಟ್ಟು ನೋಡಲಾಗದು.

ಗೆರೆಗಳ ಮಾತು ಕೇಳಿದರೆ ಇನ್ನೂ ಬೇಸರ. ಸಾಲುಸಾಲು ರಂಧ್ರಗಳು, ನೆಟ್ಟಗಿನ ಗೆರೆಗಳು, ಚೌಕಾಕಾರ ಇವೆಲ್ಲ 19ನೆಯ ಶತಮಾನದಲ್ಲಿ ಯಂತ್ರ ಬಂದ ಮೇಲಿನ ರೊಟ್ಟಿಯ ಚಹರೆ. ಯೆಮೆನ್ ಮೂಲದ ಯೆಹೂದ್ಯರು ಇಂದಿಗೂ ಮಾಡುವ ಪಸ್ಕದ ರೊಟ್ಟಿ ನಮ್ಮ ಚಪಾತಿಯಂತೆ ಮೆತ್ತಗಿರುತ್ತದೆ, ಮಡಚಬಹುದು. ಹಿಟ್ಟು ಉಬ್ಬದಿರಲಿ ಎಂದು ಚುಚ್ಚುವ ತೂತಿಗೆ, ದೇವರ ಸೇವಕನು ಗಾಯಗೊಂಡು ನರಳುವುದನ್ನು ಹೇಳುವ ಯೆಶಾಯ 53ನ್ನು ಅಂಟಿಸುವುದು ಪ್ರವಾದಿಗೂ ಗೌರವವಲ್ಲ, ರೊಟ್ಟಿಗೂ ಅಲ್ಲ.

ಜೀವಜಲ:
ಒಪ್ಪುತ್ತೇನೆ, ಗೆರೆಗಳ ಬೋಧನೆಯನ್ನು ನಾನೂ ಎಂದೂ ಮಾಡಿಲ್ಲ. ಆದರೆ ಸಿವುಡಿನ ವಿಷಯ ಬಿಡುವುದಿಲ್ಲ. ಸಬ್ಬತ್ತಿನ ಮರುದಿನ ಸಿವುಡನ್ನು ನಿವಾಳಿಸಬೇಕು ಎಂದು ಯಾಜಕಕಾಂಡ 23:11. ಸಬ್ಬತ್ತಿನ ಮರುದಿನ ಭಾನುವಾರ. ಯೇಸು ಎದ್ದ ದಿನವೂ ಭಾನುವಾರ. ಇದಕ್ಕೇನು ಹೇಳುತ್ತೀರಿ?

ತುಂಗೆಯ ದಡ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಕ್ರೈಸ್ತನಲ್ಲ, ಕೃಷಿಕರ ಮನೆಯವನು. ಆ ಸಿವುಡು ಯಾವ ಪೈರಿನದು? ಯಾರು ಕೊಯ್ಯುತ್ತಿದ್ದರು? ಅದನ್ನು ಯಾರೂ ಹೇಳುತ್ತಲೇ ಇಲ್ಲವಲ್ಲ.

ಹಳೆಯ ಕಡತ:
ಕೇಳಬೇಕಾದದ್ದನ್ನೇ ಕೇಳಿದಿರಿ. ಜವೆಗೋದಿಯ ಸಿವುಡು. ಆ ನಾಡಿನಲ್ಲಿ ಜವೆಗೋದಿ ಮೊದಲು ಮಾಗುತ್ತದೆ, ಗೋದಿ ಕೆಲವು ವಾರಗಳ ನಂತರ. ಪಸ್ಕದ ಹೊತ್ತಿಗೆ ಜವೆ, ಅಲ್ಲಿಂದ ಐವತ್ತನೆಯ ದಿನಕ್ಕೆ ಗೋದಿ, ವರ್ಷದ ಕೊನೆಗೆ ದ್ರಾಕ್ಷಿ, ಎಣ್ಣೆಮರದ ಕಾಯಿ. ಹಬ್ಬದ ಕ್ರಮವೆಲ್ಲ ಹೊಲದ ಕ್ರಮ.

ಮಿಶ್ನಾದ ಮೆನಾಹೋತ್ ಭಾಗದಲ್ಲಿ ಕೊಯ್ಲಿನ ವರ್ಣನೆ ಇದೆ. ನ್ಯಾಯಸಭೆಯವರು ಮೊದಲೇ ಹೋಗಿ ನಿಂತ ಪೈರನ್ನೇ ಕಟ್ಟುಕಟ್ಟಾಗಿ ಬಿಗಿದು ಬರುತ್ತಿದ್ದರು. ಕತ್ತಲಾಗುತ್ತಲೇ ಸುತ್ತಲ ಊರಿನವರೆಲ್ಲ ಸೇರುತ್ತಿದ್ದರು. ಕೊಯ್ಯುವವನು ಕೂಗಿ ಕೇಳುತ್ತಾನೆ: "ಸೂರ್ಯ ಮುಳುಗಿದನೆ?" ಜನ: "ಹೌದು." "ಇದು ಕುಡುಗೋಲೆ?" "ಹೌದು." "ಇದು ಬುಟ್ಟಿಯೆ?" "ಹೌದು." "ಕೊಯ್ಯಲೆ?" "ಕೊಯ್ಯಿ." ಒಂದೊಂದನ್ನೂ ಮೂರು ಮೂರು ಸಲ ಕೇಳಬೇಕು. ಆ ಜವೆಯನ್ನು ಬೆಂಕಿಯಲ್ಲಿ ಬಾಡಿಸಿ, ಬೀಸಿ, ಹದಿಮೂರು ಜರಡಿಗಳಲ್ಲಿ ಸೋಸಿ ಏಫಾ ಎಂಬ ಧಾನ್ಯದ ಅಳತೆಯ ಹತ್ತನೆಯ ಒಂದು ಪಾಲು ಹಿಟ್ಟು ತೆಗೆಯುತ್ತಿದ್ದರು. ಅದು ಅರ್ಪಣೆಯಾಗುವವರೆಗೆ ಹೊಸ ಧಾನ್ಯವನ್ನು ಯಾರೂ ತಿನ್ನುವಂತಿಲ್ಲ.

ಆ ಪ್ರಶ್ನೋತ್ತರದ ಹಿಂದೆ ಒಂದು ಜಗಳವಿದೆ, ಅದೇ ಜೀವಜಲ ಅವರಿಗೆ ಉತ್ತರ. "ಸಬ್ಬತ್ತಿನ ಮರುದಿನ" ಎಂದರೆ ಯಾವ ದಿನ? ಬೋಯತೂಸಿಯರು ಎಂಬ ಪಂಗಡ ವಾರದ ಸಬ್ಬತ್ತು ಎಂದಿತು, ಹಾಗಾಗಿ ಸಿವುಡು ಯಾವಾಗಲೂ ಭಾನುವಾರ. ಫರಿಸಾಯರು ಹಬ್ಬದ ಮೊದಲ ದಿನವೇ ಸಬ್ಬತ್ತು ಎಂದರು, ಹಾಗಾಗಿ ವಾರದ ಯಾವ ದಿನವಾದರೂ ಸರಿ, ಪಸ್ಕ ಬರುವ ನಿಸಾನ್ ತಿಂಗಳ 16. ಆ ಕಾಲದಲ್ಲೇ ಬದುಕಿದ್ದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ 16ನೆಯ ದಿನ ಎಂದೇ ಬರೆದಿದ್ದಾನೆ. ಯೋಹಾನನ ಲೆಕ್ಕ ಹಿಡಿದರೆ ಶಿಲುಬೆಯ ಶುಕ್ರವಾರ ನಿಸಾನ್ 14, ಭಾನುವಾರ 16, ಹೊಂದುತ್ತದೆ. ಮತ್ತಾಯ, ಮಾರ್ಕ, ಲೂಕರ ಲೆಕ್ಕ ಹಿಡಿದರೆ ಶುಕ್ರವಾರವೇ 15, ಆಗ 16 ಶನಿವಾರಕ್ಕೆ ಬೀಳುತ್ತದೆ. ಪೌಲನ ಮಾತು ನಿಲ್ಲಲು ಈ ಪಂಚಾಂಗದ ಆಸರೆ ಬೇಕಿಲ್ಲ.

ಜೀವಜಲ:
ಯೋಹಾನನ ಲೆಕ್ಕ ಹೊಂದುತ್ತದೆ ಎಂದು ನೀವೇ ಹೇಳಿದಿರಲ್ಲ. ನನಗೆ ಅಷ್ಟು ಸಾಕು.

ಗುಡ್ಡದ ಮೇಲಿನ ಮನೆ:
ಮೋಶೆಯ ಐದು ಪುಸ್ತಕಗಳನ್ನು ಮಾತ್ರ ಒಪ್ಪುವ ಸಮಾರ್ಯರೂ, ಮಿಶ್ನಾವನ್ನು ಒಪ್ಪದ ಯೆಹೂದ್ಯ ಪಂಗಡದವರಾದ ಕರಾಯರೂ ಇಂದಿಗೂ ಭಾನುವಾರದಿಂದಲೇ ಎಣಿಸುತ್ತಾರೆ. ಅವರ ಪಂಚಾಶತ್ತಮ ಪ್ರತಿ ವರ್ಷ ಭಾನುವಾರವೇ ಬರುತ್ತದೆ. ಸಮಾರ್ಯರು ಗೆರಿಜೀಮ್ ಬೆಟ್ಟದ ಮೇಲೆ ಪಸ್ಕದ ಕುರಿಗಳನ್ನು ಇಂದಿಗೂ ಕೊಯ್ಯುತ್ತಾರೆ. ಈ ಚರ್ಚೆ ಬರೀ ಪುಸ್ತಕದ ಜಗಳ ಎಂದುಕೊಂಡವರಿಗೆ ಹೇಳಿದೆ.

ಮೊಂತಿ ತೆನೆ:
ಮಂಗಳೂರಿನ ಕಡೆಯವಳು ನಾನು. ನಮ್ಮಲ್ಲಿ ಸೆಪ್ಟೆಂಬರ್ 8ರಂದು ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಹೊಸ ತೆನೆಗಳನ್ನು ಚರ್ಚಿಗೆ ಒಯ್ದು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಹಿರಿಯರು ಆ ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕುತ್ತಾರೆ, ಎಲ್ಲರೂ ಕೂತು ಹೊಸ ಊಟ ಮಾಡುತ್ತೇವೆ, ಅಂದು ಮಾಂಸವಿಲ್ಲ. ಹೊಸ ಬೆಳೆಯ ಮೊದಲ ತೆನೆ ದೇವರಿಗೆ ಎಂಬುದು ನಮ್ಮ ತುಳುನಾಡಿನ ತೆನೆ ಹಬ್ಬದಲ್ಲೂ ಇದೆ, ಯಾಜಕಕಾಂಡದಲ್ಲೂ ಇದೆ. ಹಾಗೆಂದು ನೆರೆಮನೆಯ ಹಿಂದೂಗಳ ಹತ್ತಿರ ಹೋಗಿ "ನಿಮ್ಮ ತೆನೆಯ ನಿಜವಾದ ಅರ್ಥ ಮರಿಯಮ್ಮನವರು" ಎಂದು ನಾವು ಯಾರಾದರೂ ಹೇಳುತ್ತೇವೆಯೆ? ಹೇಳುವುದಿಲ್ಲ. ಯೆಹೂದ್ಯರ ವಿಷಯದಲ್ಲಿ ಮಾತ್ರ ಯಾಕೆ ಅಷ್ಟು ಸಲೀಸು?

ಜೀವಜಲ:
ಯಾಕೆಂದರೆ ಯೇಸು ಯೆಹೂದ್ಯನು, ಅಪೊಸ್ತಲರು ಯೆಹೂದ್ಯರು. ಅವರ ಹಬ್ಬ ನಮ್ಮ ಗ್ರಂಥದೊಳಗೇ ಇದೆ. ತೆನೆ ಹಬ್ಬದ ಹೋಲಿಕೆ ಇಲ್ಲಿ ಸಲ್ಲುವುದಿಲ್ಲ.

ಮೊಂತಿ ತೆನೆ:
ಗ್ರಂಥ ಹಂಚಿಕೊಂಡವರ ನಡುವೆ ಮರ್ಯಾದೆ ಇನ್ನೂ ಹೆಚ್ಚಿರಬೇಕು ಎನ್ನುತ್ತೇನೆ ನಾನು.

ಕಾರ್ಮೆಲ್ ತಪ್ಪಲು:
ಹೈಫಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ, ಊರು ಉಡುಪಿ ಕಡೆ. ಮನೆಯ ಅಜ್ಜ ಧಾರ್ಮಿಕರು. ಪರ್ಣಶಾಲೆಗಳ ಹಬ್ಬಕ್ಕೆ ಬಾಲ್ಕನಿಯಲ್ಲಿ ಗುಡಿಸಲು ಕಟ್ಟಲು ಮೊಮ್ಮಕ್ಕಳು ಬರುತ್ತಾರೆ. ಗೋಡೆಗೆ ಬಟ್ಟೆಯಾದರೂ ನಡೆಯುತ್ತದೆ, ಸೂರಿಗೆ ಮಾತ್ರ ನೆಲದಲ್ಲಿ ಬೆಳೆದು ಕಡಿದ ಸೊಪ್ಪೋ ಗರಿಯೋ ಆಗಬೇಕು. ನೆರಳು ಬಿಸಿಲಿಗಿಂತ ಹೆಚ್ಚಿರಬೇಕು, ರಾತ್ರಿ ಗರಿಗಳ ಸಂದಿಯಲ್ಲಿ ನಕ್ಷತ್ರ ಕಾಣುವಂತೆಯೂ ಹರಡುತ್ತಾರೆ. ಮೇಲಿನ ಮನೆಯ ಬಾಲ್ಕನಿ ಅಡ್ಡ ಬಂದರೆ ಗುಡಿಸಲು ಆಗದು. ಹಾಗಾಗಿ ಇಲ್ಲಿನ ಎಷ್ಟೋ ಕಟ್ಟಡಗಳಲ್ಲಿ ಬಾಲ್ಕನಿಗಳು ಒಂದರ ಕೆಳಗೊಂದು ಬರದಂತೆ ಓರೆಯಾಗಿವೆ.

ಇನ್ನು ಮಾದಲ ಹಣ್ಣು. ನಾರಿನ ಮೆತ್ತೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಬರುತ್ತದೆ. ಅಜ್ಜ ಭೂತಗನ್ನಡಿ ಹಿಡಿದು ತೊಟ್ಟು, ತುದಿ, ಸಿಪ್ಪೆಯ ಮೇಲಿನ ಚುಕ್ಕೆ ಎಲ್ಲವನ್ನೂ ನೋಡುತ್ತಾರೆ. ತುದಿ ಮುರಿದಿದ್ದರೆ ವಾಪಸ್. ಖರ್ಜೂರದ ಎಳೆ ಗರಿ, ಮಿರ್ಟಲ್ ಕೊಂಬೆ ಮೂರು, ನೀರವಂಜಿ ಎರಡು ಸೇರಿಸಿ ಕಟ್ಟಿ, ಹಣ್ಣಿನ ಜೊತೆ ಹಿಡಿದು ಆರು ದಿಕ್ಕಿಗೂ ಆಡಿಸುತ್ತಾರೆ.

ನಾನು ಒಮ್ಮೆ ಯೋಹಾನ 7ರ ಕಥೆ ಅವರಿಗೆ ಹೇಳಿದೆ. ಕೇಳಿಸಿಕೊಂಡು, "ನಿಮ್ಮ ಪುಸ್ತಕವನ್ನು ನೀವು ಓದಿ, ಸಂತೋಷ. ನನ್ನ ಕೈಯಲ್ಲಿರುವುದರ ಅರ್ಥ ನನಗೆ ಗೊತ್ತು" ಎಂದರು. ಸಿಟ್ಟಿರಲಿಲ್ಲ. ಟೀಚರ್, ನಿಮ್ಮ ವಿದ್ಯಾರ್ಥಿನಿಗೆ ಇದೇ ಉತ್ತರ ಕೊಡಬಹುದು: ಅವರಿಗೆ ಗೊತ್ತಿದೆ. ಐಗುಪ್ತದಿಂದ ಹೊರಟ ಜನ ಮರುಭೂಮಿಯಲ್ಲಿ ಗುಡಿಸಲುಗಳಲ್ಲಿ ಇದ್ದುದರ ನೆನಪು, ಬೆಳೆ ಕೈಗೆ ಬಂದ ಸಂತೋಷ, ಮುಂದಿನ ಮಳೆಗಾಗಿ ಕಾಯುವುದು. ಯಾಜಕಕಾಂಡ 23:43ರಲ್ಲೇ ಕಾರಣ ಬರೆದಿದೆ.

ತುಂಗೆಯ ದಡ:
ಬಾಲ್ಕನಿಯ ವಿಷಯ ಓದಿ ಬಹಳ ಖುಷಿಯಾಯಿತು. ಮಾದಲ ಹಣ್ಣಿಗೆ ಅಷ್ಟು ಮರ್ಯಾದೆ ಇದೆಯೆ! ನಮ್ಮ ಕಡೆ ಉಪ್ಪಿನಕಾಯಿಗೆ ಹಾಕುತ್ತಾರೆ.

ಭಾನುವಾರದ ಟೀಚರ್:
ಯೋಹಾನ 7ರಲ್ಲಿ ನೀರಿನ ಮಾತು ಯಾಕೆ ಬಂತು? ಯಾಜಕಕಾಂಡದಲ್ಲಿ ಈ ಹಬ್ಬಕ್ಕೆ ನೀರೇ ಇಲ್ಲವಲ್ಲ.

ಹಳೆಯ ಕಡತ:
ಇದು ನನಗೆ ಬಹಳ ಪ್ರಿಯವಾದ ಭಾಗ. ಮಿಶ್ನಾದ ಸುಕ್ಕಾ ಭಾಗ ಓದಿ. ಹಬ್ಬದ ದಿನಗಳಲ್ಲಿ ಪ್ರತಿದಿನ ಯಾಜಕನು ಬಂಗಾರದ ಹೂಜಿಯಲ್ಲಿ ಸಿಲೋವ ಕೊಳದ ನೀರು ತುಂಬಿಕೊಂಡು ನೀರಿನ ಬಾಗಿಲಿನಿಂದ ದೇವಾಲಯಕ್ಕೆ ಬರುತ್ತಿದ್ದ, ತುತೂರಿ ಊದುತ್ತಿದ್ದರು, ಬಲಿಪೀಠದ ಮೇಲೆ ನೀರನ್ನೂ ದ್ರಾಕ್ಷಾರಸವನ್ನೂ ಎರೆಯುತ್ತಿದ್ದರು. ರಾತ್ರಿ ಸ್ತ್ರೀಯರ ಅಂಗಳದಲ್ಲಿ ಎತ್ತರದ ಬಂಗಾರದ ದೀಪಸ್ತಂಭಗಳು. ಯಾಜಕರ ಹಳೆಯ ಚಲ್ಲಣ, ನಡುಕಟ್ಟುಗಳನ್ನು ಹರಿದು ಬತ್ತಿ ಮಾಡುತ್ತಿದ್ದರು. ಆ ಬೆಳಕು ತಲುಪದ ಅಂಗಳ ಯೆರೂಸಲೇಮಿನಲ್ಲಿ ಇರಲಿಲ್ಲವಂತೆ. ಭಕ್ತರು ಪಂಜು ಹಿಡಿದು ಕುಣಿಯುತ್ತಿದ್ದರು. ನೀರು ತರುವ ಸಂಭ್ರಮ ನೋಡದವನು ಬದುಕಿನಲ್ಲಿ ಸಂಭ್ರಮವನ್ನೇ ನೋಡಿಲ್ಲ ಎನ್ನುತ್ತದೆ ಮಿಶ್ನಾ. ಹಬ್ಬ ಮುಗಿದ ಮೇಲೆ ಮಳೆಗಾಲ. ಮಳೆ ಬಂದರೆ ಜೀವ, ಬಾರದಿದ್ದರೆ ಬರ. ಅಂಥ ಜನರ ನಡುವೆ ನಿಂತು ಯೇಸು ನೀರಿನ ಮಾತು ಆಡಿದ್ದು. ಮುಂದಿನ ಅಧ್ಯಾಯದಲ್ಲಿ "ನಾನೇ ಲೋಕಕ್ಕೆ ಬೆಳಕು" ಎಂದಿದ್ದು.

ನೋಡಿ, ಇಲ್ಲಿ ಕ್ರೈಸ್ತ ಅರ್ಥಕ್ಕೆ ಜೀವ ಬರುವುದು ಯೆಹೂದ್ಯರ ಹಬ್ಬವನ್ನು ಅದರದೇ ರೂಪದಲ್ಲಿ ತಿಳಿದಾಗ. ಅವರಿಗೆ ಕಣ್ಣಿಲ್ಲ ಎಂದು ಆರಂಭಿಸಿದರೆ ನಮಗೇ ಏನೂ ಕಾಣುವುದಿಲ್ಲ.

ಜೀವಜಲ:
ಇದು ಬೋಧನೆಗೆ ಯೋಗ್ಯವಾದ ಮಾತು. ಆದರೆ ಕೊನೆಯ ಸಾಲಿನ ಧಾಟಿ ಸರಿಯಿಲ್ಲ. "ಮುಸುಕು" ಎಂಬ ಮಾತೂ ಪೌಲನದೇ, 2 ಕೊರಿಂಥ 3. ಸುವಾರ್ತೆಯನ್ನೇ ಹೇಳಬಾರದು ಎನ್ನುತ್ತೀರಾ?

ಗುಡ್ಡದ ಮೇಲಿನ ಮನೆ:
ಹೇಳಬಾರದು ಎಂದು ಯಾರೂ ಹೇಳಿಲ್ಲ. ಆ ಮಾತು ನಮ್ಮ ಚರಿತ್ರೆಯಲ್ಲಿ ಏನು ಮಾಡಿತು ಎಂಬುದನ್ನೂ ಜೊತೆಗೆ ಹೇಳಿ. ಎರಡನೆಯ ಶತಮಾನದಲ್ಲಿ ಸಾರ್ದಿಸಿನ ಬಿಷಪ್ ಮೆಲಿಟೋ ಪಸ್ಕದ ಬಗ್ಗೆ ಮಾಡಿದ ಬೋಧನೆ ಕಾವ್ಯದಂತಿದೆ, ಕುರಿ ಎಂದರೆ ಕ್ರಿಸ್ತ ಎಂಬುದನ್ನು ಅದಕ್ಕಿಂತ ಸುಂದರವಾಗಿ ಹೇಳಿದವರು ಕಡಿಮೆ. ಅದೇ ಬೋಧನೆ ದೇವರನ್ನು ಕೊಂದವರು ಎಂಬ ಆರೋಪವನ್ನು ಇಸ್ರಾಯೇಲಿನ ಮೇಲೆ ಹೊರಿಸುತ್ತದೆ. 325ರ ನೈಸೀಯ ಸಭೆಯ ನಂತರ, ಯೆಹೂದ್ಯರ ಲೆಕ್ಕಾಚಾರವನ್ನು ಹಿಡಿದು ಈಸ್ಟರ್ ಆಚರಿಸುವುದು ಬೇಡ ಎಂದು ಕಾನ್‌ಸ್ಟಂಟೈನ್ ಚಕ್ರವರ್ತಿ ಪತ್ರ ಬರೆದ. 386-387ರಲ್ಲಿ ಅಂತಿಯೋಕ್ಯದಲ್ಲಿ ಜಾನ್ ಕ್ರಿಸೊಸ್ತೊಮ್ ಎಂಬ ಪಾದ್ರಿ ಯೆಹೂದ್ಯರನ್ನು ಕಟುವಾಗಿ ಬೈದು ಸಾಲು ಬೋಧನೆ ಮಾಡಿದ. ಕಾರಣ? ಅವನ ಸಭೆಯ ಕ್ರೈಸ್ತರೇ ತುತೂರಿ ಕೇಳಲು, ಗುಡಿಸಲು ನೋಡಲು, ಉಪವಾಸ ಹಿಡಿಯಲು ಯೆಹೂದ್ಯರ ಸಭಾಮಂದಿರಕ್ಕೆ ಹೋಗುತ್ತಿದ್ದರು. ಸಾಮಾನ್ಯ ಜನ ಒಟ್ಟಿಗೆ ಹಬ್ಬ ಮಾಡುತ್ತಿದ್ದರು, ಬೇರ್ಪಡಿಸಿದ್ದು ಬೋಧಕರು.

ಮುಂದೆ ಪಸ್ಕದ ಕಾಲವೇ ಯುರೋಪಿನ ಯೆಹೂದ್ಯರಿಗೆ ಭಯದ ಕಾಲವಾಯಿತು. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಸತ್ತ ಹುಡುಗನ ಸುತ್ತ, 1475ರಲ್ಲಿ ಇಟಲಿಯ ಟ್ರೆಂಟ್‌ನಲ್ಲಿ ಸತ್ತ ಸೈಮನ್ ಎಂಬ ಮಗುವಿನ ಸುತ್ತ, ಯೆಹೂದ್ಯರೇ ಕೊಂದರು ಎಂದು ಹುಟ್ಟಿದ ಸುಳ್ಳು ಆರೋಪಗಳನ್ನು ಓದಿ. ಟ್ರೆಂಟ್‌ನಲ್ಲಿ ಯೆಹೂದ್ಯರನ್ನು ಹಿಂಸಿಸಿ ಕೊಂದರು. ಆ ಮಗುವಿನ ಆರಾಧನೆಯನ್ನು ಕಥೋಲಿಕ ಸಭೆ ಕೈಬಿಟ್ಟಿದ್ದು 1965ರಲ್ಲಿ. ಯೆಹೂದ್ಯರೊಡನೆ ಸಂಬಂಧವನ್ನು ಹೊಸದಾಗಿ ನೋಡಿದ ವ್ಯಾಟಿಕನ್ ಘೋಷಣೆ ಬಂದಿದ್ದೂ ಅದೇ ವರ್ಷ.

ಜೀವಜಲ:
ಟ್ರೆಂಟ್ ವಿಷಯ ಓದಿದ್ದೇನೆ, ಹೃದಯ ಹಿಂಡುತ್ತದೆ. ಅದನ್ನು ಸಮರ್ಥಿಸುವ ಮಾತೇ ಇಲ್ಲ. ಆದರೂ ನನ್ನ ವಿಶ್ವಾಸದಲ್ಲಿ ಪಸ್ಕದ ಕುರಿ ಕ್ರಿಸ್ತನೇ. ಅದನ್ನು ಪ್ರೀತಿಯಿಂದ ಹೇಳಬಹುದು.

ಕಾರ್ಮೆಲ್ ತಪ್ಪಲು:
ಹೇಳಿ. ಅಜ್ಜನೂ ಬೇಡ ಎನ್ನಲಿಲ್ಲ.

ಸುಗ್ಗಿಯ ಬುಟ್ಟಿ:
ಪಂಚಾಶತ್ತಮದ ಎರಡು ರೊಟ್ಟಿಗಳ ವಿಷಯ ಯಾರೂ ಎತ್ತಿಲ್ಲ. 23:17ರ ಪ್ರಕಾರ ಅವು ಹುಳಿ ಹಾಕಿದ ರೊಟ್ಟಿಗಳು. ಪಸ್ಕದಲ್ಲಿ ಹುಳಿ ಎಂದರೆ ಪಾಪ ಎನ್ನುವ ಬೋಧಕರೇ ಇಲ್ಲಿ ಎರಡು ರೊಟ್ಟಿಗಳೆಂದರೆ ಯೆಹೂದ್ಯರು ಮತ್ತು ಅನ್ಯಜನರು ಸೇರಿದ ಸಭೆ ಎನ್ನುತ್ತಾರೆ. ಹುಳಿಗೆ ಏನಾಯಿತು? ಲೂಕ 13:21ರಲ್ಲಿ ಯೇಸು ದೇವರ ರಾಜ್ಯವನ್ನೇ ಹುಳಿಗೆ ಹೋಲಿಸುತ್ತಾನೆ. ಒಂದು ವಸ್ತುವಿಗೆ ಒಂದೇ ಗುರುತು ಎಂದು ಹಟ ಹಿಡಿದರೆ ಹೀಗೆ ಸಿಕ್ಕಿಕೊಳ್ಳುತ್ತೇವೆ.

ಅನ್ಯಜನರನ್ನು ನೆನೆಯಲು ಕ್ರೈಸ್ತರೇ ಬರಬೇಕಾಗಿರಲಿಲ್ಲ. ಅರಣ್ಯಕಾಂಡ 29ರಲ್ಲಿ ಪರ್ಣಶಾಲೆಗಳ ಹಬ್ಬದ ಹೋರಿಗಳನ್ನು ಕೂಡಿಸಿ: 13, 12, 11, 10, 9, 8, 7, ಒಟ್ಟು 70. ಲೋಕದ ಎಪ್ಪತ್ತು ಜನಾಂಗಗಳಿಗಾಗಿ ಎನ್ನುತ್ತದೆ ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮೂದ್. ಪಂಚಾಶತ್ತಮಕ್ಕೆ ಅವರು ಓದುವುದು ರೂತಳ ಪುಸ್ತಕ, ಮೋವಾಬಿನಿಂದ ಬಂದ ಪರದೇಶದ ಹೆಣ್ಣು, ಜವೆಯ ಕೊಯ್ಲಿನಿಂದ ಗೋದಿಯ ಕೊಯ್ಲಿನವರೆಗೆ ಹಕ್ಕಲಾಯ್ದವಳು. ಯಾಜಕಕಾಂಡ 23:22ರಲ್ಲಿ, ಹಬ್ಬದ ವಿಧಿಗಳ ನಡುವೆಯೇ, ಹೊಲದ ಅಂಚು ಕೊಯ್ಯಬೇಡ, ಬಡವನಿಗೂ ಪರದೇಶದವನಿಗೂ ಬಿಡು ಎಂದಿದೆ. ಏಳು ಹಬ್ಬಗಳ ಪಟ್ಟಿ ಮಾಡುವವರು ಈ ವಚನವನ್ನು ದಾಟಿ ಹೋಗುವುದು ನನಗೆ ನಿಜಕ್ಕೂ ನೋವಿನ ವಿಷಯ.

ಭಾನುವಾರದ ಟೀಚರ್:
23:22 ನಮ್ಮ ಪಟ್ಟಿಯಲ್ಲೂ ಇಲ್ಲ. ಮುಂದಿನ ವಾರ ಅದನ್ನೇ ಮೊದಲು ಓದಿಸುತ್ತೇನೆ.

ಮೊಂತಿ ತೆನೆ:
ವಿಷಯ ಸ್ವಲ್ಪ ಬದಲಿಸುತ್ತೇನೆ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳ ಬೆಳೆ ಹಬ್ಬದಲ್ಲಿ ಕಾಣಿಕೆಯ ಕುಂಬಳಕಾಯಿ, ಬಾಳೆಗೊನೆ, ಕೋಳಿ ಎಲ್ಲ ಹರಾಜಾಗುತ್ತದಲ್ಲ, ಅದೂ ಪ್ರಥಮಫಲದ ಮುಂದುವರಿಕೆಯೆ?

ಸುಗ್ಗಿಯ ಬುಟ್ಟಿ:
ನಮ್ಮ ಸಭೆಯಲ್ಲಿಯೂ ಇದೆ. ಮೊದಲ ಬೆಳೆ ದೇವರಿಗೆ ಎಂಬ ಭಾವ ಅದೇ. ಆದರೆ ಹರಾಜು ಕೆಲವೊಮ್ಮೆ ಹಣವಿದ್ದವರ ಮೆರವಣಿಗೆಯಾಗುತ್ತದೆ. ಒಂದು ನಿಂಬೆಹಣ್ಣಿಗೆ ಸಾವಿರಾರು ರೂಪಾಯಿ ಕೂಗುತ್ತಾರೆ, ಹಿಂದಿನ ಬೆಂಚಿನಲ್ಲಿ ಕೂಲಿಗೆ ಹೋಗುವ ಹೆಂಗಸು ತಲೆ ತಗ್ಗಿಸಿ ಕೂತಿರುತ್ತಾಳೆ.

ಹಳೆಯ ಕಡತ:
ಮಿಶ್ನಾದ ಬಿಕ್ಕೂರಿಮ್ ಭಾಗ, ಮೂರನೆಯ ಅಧ್ಯಾಯ, ಇದಕ್ಕೆಂದೇ ಬರೆದಂತಿದೆ. ರೈತ ತೋಟಕ್ಕೆ ಇಳಿಯುತ್ತಾನೆ. ಮೊದಲು ಹಣ್ಣಾದ ಅಂಜೂರ, ದ್ರಾಕ್ಷಿ ಗೊಂಚಲು, ದಾಳಿಂಬೆ ಕಂಡರೆ ಅದಕ್ಕೆ ಜೊಂಡಿನ ನಾರು ಕಟ್ಟಿ "ಇದು ಪ್ರಥಮಫಲ" ಎನ್ನುತ್ತಾನೆ. ಯೆರೂಸಲೇಮಿಗೆ ಹೋಗುವ ತಂಡದ ಮುಂದೆ ಕೊಂಬಿಗೆ ಬಂಗಾರ ಹೊದಿಸಿದ, ಎಣ್ಣೆಮರದ ಎಲೆಯ ಕಿರೀಟವಿಟ್ಟ ಎತ್ತು, ಜೊತೆಗೆ ಕೊಳಲು. ಪಟ್ಟಣ ಸಮೀಪಿಸಿದಾಗ ಕಸುಬುದಾರರೆಲ್ಲ ಎದ್ದು ನಿಂತು, "ಇಂಥ ಊರಿನ ಸಹೋದರರೇ, ಸುಖವಾಗಿ ಬಂದಿರಾ" ಎನ್ನುತ್ತಾರೆ. ದೇವಾಲಯದ ಬೆಟ್ಟ ತಲುಪಿದ ಮೇಲೆ ಅಗ್ರಿಪ್ಪ ರಾಜನೂ ಬುಟ್ಟಿಯನ್ನು ತನ್ನ ಹೆಗಲ ಮೇಲೆ ಹೊತ್ತೇ ಒಳಗೆ ಹೋಗುತ್ತಿದ್ದ.

ಆಮೇಲೆ ಧರ್ಮೋಪದೇಶಕಾಂಡ 26ರ ಅರಿಕೆಯನ್ನು ಪಠಿಸಬೇಕು. ಮೊದಮೊದಲು ಓದಬಲ್ಲವರು ತಾವೇ ಪಠಿಸುತ್ತಿದ್ದರು, ಓದು ಬಾರದವರಿಗೆ ಹೇಳಿಕೊಡುತ್ತಿದ್ದರು. ನಾಚಿಕೆಯಿಂದ ಓದು ಬಾರದವರು ಬರುವುದನ್ನೇ ಬಿಟ್ಟರು. ಆಗ, ಓದು ಬಂದವರಿಗೂ ಬಾರದವರಿಗೂ ಎಲ್ಲರಿಗೂ ಹೇಳಿಕೊಡುವುದು ಎಂದು ಕಟ್ಟಳೆ ಮಾಡಿದರು. ಇಷ್ಟು ಸೂಕ್ಷ್ಮ ಮನಸ್ಸಿನ ಹಬ್ಬವನ್ನು ಬರೀ ನೆರಳು ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಸುಗ್ಗಿಯ ಬುಟ್ಟಿ:
ಇದನ್ನು ನಮ್ಮ ಸಭೆಯ ಸಮಿತಿಯಲ್ಲಿ ಓದಿ ಹೇಳುತ್ತೇನೆ. ಈ ಸಲ ಕೂಗುವ ಹರಾಜು ಬೇಡ, ಚೀಟಿಯಲ್ಲಿ ಬರೆದು ಹಾಕುವ ಕ್ರಮ ಇರಲಿ ಎಂದು ಕೇಳುತ್ತೇನೆ.

ಜೀವಜಲ:
ಅಗ್ರಿಪ್ಪನ ಬುಟ್ಟಿ ನನಗೆ ಗೊತ್ತಿರಲಿಲ್ಲ, ಧನ್ಯವಾದ. "ನೆರಳು" ಎಂಬ ಮಾತನ್ನು ನಾನು ಬಿಡುವುದಿಲ್ಲ, ಅದು ಪತ್ರದಲ್ಲಿದೆ. ಮುಂದಿನ ವರ್ಷ ಯೆರೂಸಲೇಮಿಗೆ ಯಾತ್ರೆ ಹೋಗುವ ಯೋಜನೆ ಇದೆ. ಸಿಲೋವದ ಕೊಳವನ್ನು ಈಗ ನೋಡಬಹುದೆ?

ಕಾರ್ಮೆಲ್ ತಪ್ಪಲು:
ನೋಡಬಹುದು. ಯಾತ್ರಿಕರಿಗೆ ಬಹುಕಾಲ ತೋರಿಸುತ್ತಿದ್ದ ಚಿಕ್ಕ ಕೊಳ ಬೇರೆ. ಯೇಸುವಿನ ಕಾಲದ ಕೊಳದ ಕಲ್ಲಿನ ಮೆಟ್ಟಿಲುಗಳು ಸಿಕ್ಕಿದ್ದು 2004ರಲ್ಲಿ, ಚರಂಡಿ ಕೊಳವೆಯ ಕೆಲಸ ನಡೆಯುವಾಗ. ಅಲ್ಲಿಂದ ದೇವಾಲಯದ ಬೆಟ್ಟದ ಕಡೆಗೆ ಏರುವ ಹಳೆಯ ಕಲ್ಲುದಾರಿಯನ್ನೂ ಅಗೆದಿದ್ದಾರೆ. ಅಗೆತ ನಡೆಯುತ್ತಿರುವ ಜಾಗ, ಹೊರಡುವ ಮೊದಲು ಯಾವ ಭಾಗ ತೆರೆದಿದೆ ಎಂದು ವಿಚಾರಿಸಿಕೊಳ್ಳಿ. ಸಿಲ್ವಾನ್ ಎಂಬ ಪಾಲೆಸ್ತೀನಿಯರ ಬಡಾವಣೆಯ ನಡುವೆ ಇದೆ, ಅಗೆತದ ಬಗ್ಗೆ ಅಲ್ಲಿನವರಿಗೆ ಅಸಮಾಧಾನವಿದೆ, ಅದನ್ನೂ ತಿಳಿದು ಹೋಗಿ. ಪರ್ಣಶಾಲೆಗಳ ಹಬ್ಬದ ವಾರ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ; ಬೆಳಿಗ್ಗೆ ಬೇಗ ಹೊರಡಿ.